ಅಕ್ಕನ ಫೈಲಿನಲ್ಲಿ ತಂಗಿಯ ತಲೆಸುತ್ತು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಲಾಂಡ್ರಿಯ ಹಿಂದಿನ ಗೇಟು ತೆರೆದಿದೆ. ಚಳಿಗೆ ಹೆಗಲು ಕುಗ್ಗಿಸಿಕೊಂಡು ಬಂದವರೆಲ್ಲ ಬಾಗಿಲು ದಾಟುತ್ತಲೇ ಸ್ವೆಟರ್ ಬಿಚ್ಚಿ ಮೊಳೆಗೆ ನೇತುಹಾಕುತ್ತಾರೆ, ಏಕೆಂದರೆ ಬಾಯ್ಲರ್ ಹತ್ತಿಸಿ ಆಗಲೇ ಒಂದು ಗಂಟೆಯಾಗಿದೆ. ಹಾಲ್‌ನ ನಡುವೆ ಒದ್ದೆ ಬಟ್ಟೆಗೆ ಬಿಸಿ ಇಸ್ತ್ರಿ ಹಾಕುವ, ಮೂರೂವರೆ ಮೀಟರ್ ಅಗಲದ ರೋಲರ್ ಯಂತ್ರ ಗುಂಯ್ಗುಡುತ್ತಿದೆ. ಅದರ ಮುಂದೆ ನಿಂತ ನಲವತ್ತಮೂರು ವರ್ಷದ ಹೆಂಗಸೊಬ್ಬರು ದಿನದ ಮೊದಲ ಕೆಲಸವಾಗಿ ಅದನ್ನು ನಿಲ್ಲಿಸುತ್ತಾರೆ. ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಕಂಬಿ ಇದೆ. ಕೈ ಅದಕ್ಕೆ ತಗುಲಿದರೆ ಯಂತ್ರ ತಕ್ಷಣ ನಿಲ್ಲಬೇಕು. ಮೊಣಕೈಯಿಂದ ಕಂಬಿ ತಟ್ಟುತ್ತಾರೆ, ಯಂತ್ರ ನಿಲ್ಲುತ್ತದೆ. ಓಡಿಸುತ್ತಾರೆ, ಮತ್ತೆ ತಟ್ಟುತ್ತಾರೆ. ಹೀಗೆ ಮೂರು ಸಲ.

“ನಿಲ್ಲತ್ತೆ ಅಂತ ಗೊತ್ತಾದ ಮೇಲೇನೇ ಓಡಿಸ್ಬೇಕು. ನನಗೆ ಕಲಿಸಿಕೊಟ್ಟೋರು ಹೇಳಿದ್ದು ಇದೊಂದೇ ಮಾತು,” ಎನ್ನುತ್ತಾರೆ.

ಇವರನ್ನು ಲಾಂಡ್ರಿಯಲ್ಲಿ ಎಲ್ಲರೂ ಎಡಮೂಲೆ ಎಂದು ಕರೆಯುತ್ತಾರೆ. ಗೇಟ್ ಪಾಸಿನಲ್ಲಿ ಒಳ್ಳೆಯ ಹೆಸರೇ ಇದೆ, ಆದರೆ ಆ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ಒದ್ದೆ ಬೆಡ್‌ಶೀಟುಗಳ ಗುಡ್ಡೆಯಿಂದ ಒಂದನ್ನು ಎಳೆದು, ಇಬ್ಬರು ಒಂದೊಂದು ಮೂಲೆ ಹಿಡಿದು, ಒಂದೇ ಸಲ ಕೊಡವಿ, ಬಿಗಿಯಾಗಿ ಬೆಲ್ಟಿನ ಮೇಲೆ ಹಾಸಬೇಕು. ಎಡಗಡೆಯ ಮೂಲೆ ಇವರದು. ಬಲಗಡೆಯದು ಇವರ ಜೋಡಿಯದು, ಅವರ ಹೆಸರು ಬಲಮೂಲೆ. ಹದಿನಾಲ್ಕು ವರ್ಷದಿಂದ ಇಬ್ಬರ ನಡುವೆ ಬೆಡ್‌ಶೀಟಿನಷ್ಟೇ ಅಂತರ. ಜಗಳವಾಡಿದ ದಿನವೂ ಕೊಡವುವುದು ಮಾತ್ರ ಒಟ್ಟಿಗೇ, ಇಲ್ಲದಿದ್ದರೆ ಸುಕ್ಕು ಬೀಳುತ್ತದೆ.

ಪಾಳಿಗೆ ಎರಡು ಸಾವಿರದ ನಾನೂರು ಬೆಡ್‌ಶೀಟ್. ಆರು ಹೋಟೆಲುಗಳದು, ಎರಡು ಆಸ್ಪತ್ರೆಗಳದು, ಒಂದು ಹಾಸ್ಟೆಲಿನದು. ಪ್ರವಾಸಕ್ಕೆ ಬಂದವರು ಹೋಟೆಲಿನಲ್ಲಿ ಮಲಗಲಿ, ಕಾಲು ಮುರಿದುಕೊಂಡವರು ಆಸ್ಪತ್ರೆಯಲ್ಲಿ ಮಲಗಲಿ, ಈ ಊರಿನಲ್ಲಿ ಮನೆಯಾಚೆ ಮಲಗುವವರಲ್ಲಿ ಬಹಳಷ್ಟು ಜನ ಮಲಗುವುದು ಇವರು ಹಾಸಿಕೊಟ್ಟ ಬಟ್ಟೆಯ ಮೇಲೆ. ಅವರಲ್ಲಿ ಒಬ್ಬರಿಗೂ ಇವರು ಗೊತ್ತಿಲ್ಲ, ಗೊತ್ತಿರಬೇಕೆಂದು ಇವರಿಗೂ ಅನ್ನಿಸಿಲ್ಲ. “ನಮ್ಮ ಕೆಲಸ ಚೆನ್ನಾಗಿದ್ರೆ ಯಾರ ಕಣ್ಣಿಗೂ ಬೀಳಲ್ಲ. ಸುಕ್ಕು ಉಳಿದ್ರೆ ಮಾತ್ರ ನಾವು ನೆನಪಾಗ್ತೀವಿ,” ಎನ್ನುತ್ತಾರೆ. ಹೇಳುವಾಗ ದೂರಿನ ದನಿಯಿಲ್ಲ.

ಇವರ ಮನೆ ಲಾಂಡ್ರಿಯಿಂದ ಇಪ್ಪತ್ತು ನಿಮಿಷದ ನಡಿಗೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಇರುವವರು ಇಬ್ಬರೇ, ಅಕ್ಕ ಮತ್ತು ತಂಗಿ. ತಂಗಿ ಹನ್ನೆರಡು ವರ್ಷಕ್ಕೆ ಚಿಕ್ಕವರು. ತಾಯಿ ತೀರಿಕೊಂಡಾಗ ತಂಗಿಗೆ ಹದಿನಾರು. ಗಂಡ ಇದ್ದರೇ ಎಂದು ಕೇಳಿದರೆ ಅಕ್ಕ ಮುಚ್ಚುಮರೆ ಮಾಡುವುದಿಲ್ಲ. “ಇದ್ದ. ಈಗ ಬೇರೆ ಊರಲ್ಲಿ, ಬೇರೆ ಮನೇಲಿ ಇದಾನೆ. ಚೆನ್ನಾಗಿರ್ಲಿ,” ಎಂದು ಹೇಳಿ ತಟ್ಟೆ ತೊಳೆಯಲು ಎದ್ದುಹೋಗುತ್ತಾರೆ. ಆ ವಿಷಯ ಅಲ್ಲಿಗೆ ಮುಗಿಯಿತು.

ತಾಯಿ ಹೋದ ವರ್ಷವೇ ತಂಗಿಗೆ ಮೂರ್ಛೆ ರೋಗ ಕಾಣಿಸಿಕೊಂಡಿತು. ಮಾತ್ರೆ ಬಿಡದೆ ನುಂಗುತ್ತಾರೆ, ಆದರೂ ವರ್ಷಕ್ಕೆ ಎಂಟೋ ಒಂಬತ್ತೋ ಸಲ ಬರುತ್ತದೆ. ಅದರಲ್ಲಿ ಅರ್ಧದಷ್ಟು ಬರುವುದು ಬೆಳಗಿನ ಜಾವ, ನಿದ್ದೆಯಿಂದ ಎಚ್ಚರಕ್ಕೆ ದಾಟುವ ಹೊತ್ತಿಗೆ. ಮೈ ಬಿಗಿದು ಅದುರುವುದು ಎರಡು ನಿಮಿಷ ಮಾತ್ರ. ಕಷ್ಟ ಇರುವುದು ಆಮೇಲೆ. ಗಂಟೆಗಟ್ಟಲೆ ಮಂಪರು, ಎದ್ದರೆ ಗೋಡೆ ಎಲ್ಲಿದೆ ಬಾಗಿಲು ಎಲ್ಲಿದೆ ತಿಳಿಯುವುದಿಲ್ಲ, ಕೆಲವು ಸಲ ಮಧ್ಯಾಹ್ನದೊಳಗೆ ಇನ್ನೊಂದು ಸಲ ಬರುವುದೂ ಉಂಟು. ಅಂಥ ದಿನ ಒಬ್ಬರನ್ನೇ ಬಿಡಬೇಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದಾರೆ.

ಮನೆಯನ್ನು ನೋಡಿದರೆ ಈ ಹದಿನೈದು ವರ್ಷ ಕಣ್ಣಿಗೆ ಕಾಣುತ್ತದೆ. ಮೇಜಿನ ನಾಲ್ಕು ಮೂಲೆಗೂ ಹಳೆಯ ಟವೆಲು ಸುತ್ತಿ ಹೊಲಿದಿದೆ. ಬಚ್ಚಲಿನ ಬಾಗಿಲಿಗೆ ಒಳಚಿಲಕವಿಲ್ಲ. ಮಂಚವಿಲ್ಲ, ಹಾಸಿಗೆ ನೆಲದ ಮೇಲೆಯೇ. ಗಾಜಿನ ಲೋಟ ಒಂದೂ ಇಲ್ಲ. ಗೋಡೆಯ ಮೇಲೆ ಸೆಕೆಂಡಿನ ಮುಳ್ಳಿರುವ ದೊಡ್ಡ ಗಡಿಯಾರವಿದೆ, ಏಕೆಂದರೆ ಎಷ್ಟು ನಿಮಿಷ ಬಂದಿತ್ತು ಎಂದು ಡಾಕ್ಟರು ಕೇಳುತ್ತಾರೆ. ದಿನಾಂಕ, ಹೊತ್ತು, ನಿಮಿಷ, ಇಷ್ಟನ್ನು ತಂಗಿ ತಾವೇ ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ತಮಗೆ ಏನೂ ನೆನಪಿರುವುದಿಲ್ಲವಾದ್ದರಿಂದ ಅಕ್ಕ ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಅಂಥ ಪುಸ್ತಕ ಈಗ ಮೂರು ಆಗಿವೆ.

ತಂಗಿ ಸುಮ್ಮನೆ ಕೂತವರಲ್ಲ. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಬರುವ ಫೋನುಗಳೆಲ್ಲ ಇವರ ಮನೆಗೇ ಬರುತ್ತವೆ. ಯಾರಿಗೆ ಯಾವತ್ತು, ಎಷ್ಟು ಗಂಟೆಗೆ ಬರಬೇಕು ಎಂದು ಹೇಳುವ ಕೆಲಸ. ಊರಿನ ಯಾವ ದೊಡ್ಡ ಮನುಷ್ಯ ಹಲ್ಲು ಕೀಳಿಸಿಕೊಳ್ಳಲು ಹೆದರಿ ಮೂರು ಸಲ ದಿನ ಮುಂದೂಡಿದ ಎಂಬುದು ಇವರಿಗೆ ಗೊತ್ತು. “ಹೆಸರು ಮಾತ್ರ ಕೇಳ್ಬೇಡಿ,” ಎಂದು ನಗುತ್ತಾರೆ.

ಮೊದಲ ಮೂರು ವರ್ಷ ಪಕ್ಕದ ಮನೆಯ ಅಜ್ಜಿಯೊಬ್ಬರು ಬಂದು ತಂಗಿಯ ಪಕ್ಕ ಕೂರುತ್ತಿದ್ದರು, ಅಕ್ಕ ಪಾಳಿಗೆ ಓಡುತ್ತಿದ್ದರು. ಅಜ್ಜಿ ಮಗಳ ಮನೆಗೆ ಹೋದ ಮೇಲೆ ಹಗಲಿಗೆ ಸೈಕಲ್ ಅಂಗಡಿಯವರು ಆಗಾಗ ಮೇಲೆ ಬಂದು ನೋಡಿಹೋಗುತ್ತಾರೆ, ಆದರೆ ಬೆಳಗಿನ ಜಾವಕ್ಕೆ ಯಾರೂ ಇಲ್ಲ. ಐದಕ್ಕೆ ಪಾಳಿ. ರಜೆ ಬೇಕಾದರೆ ನಾಲ್ಕೂವರೆಯೊಳಗೆ ಸೂಪರ್‌ವೈಸರಿಗೆ ಫೋನ್ ಮಾಡಿ ಏನು ಕಾಯಿಲೆ ಎಂದು ಹೇಳಬೇಕು. ಅವರು ಹೇಳಿದ್ದನ್ನು ಹಾಗೆಯೇ ಫಾರಂನಲ್ಲಿ ಬರೆಯುತ್ತಾರೆ.

ಲಾಂಡ್ರಿಯ ನಿಯಮ ಹೀಗಿತ್ತು. ವರ್ಷಕ್ಕೆ ಏಳು ದಿನ ಕಾಯಿಲೆ ರಜೆ, ಅದು ಕೆಲಸಗಾರರ ಸ್ವಂತ ಕಾಯಿಲೆಗೆ ಮಾತ್ರ. ಮನೆಯವರಿಗೆ ಹುಷಾರಿಲ್ಲದಿದ್ದರೆ ಸಂಬಳವಿಲ್ಲದ ರಜೆ ಪಡೆಯಬಹುದು, ಆದರೆ ಮೂರು ದಿನ ಮುಂಚೆ ಅರ್ಜಿ ಕೊಡಬೇಕು. ಬರೆದವರು ಕೆಟ್ಟವರೇನಲ್ಲ, ಕಾಯಿಲೆಗಳೆಲ್ಲ ನೆಂಟರ ಹಾಗೆ ಮುಂಚಿತವಾಗಿ ಹೇಳಿ ಬರುತ್ತವೆ ಎಂದುಕೊಂಡಿರಬೇಕು. ಮುಂದಿನ ಗುರುವಾರ ಬೆಳಿಗ್ಗೆ ನಾಲ್ಕು ಹತ್ತಕ್ಕೆ ನನ್ನ ತಂಗಿಗೆ ಮೂರ್ಛೆ ಬರಲಿದೆ ಎಂದು ಯಾರು ಅರ್ಜಿ ಬರೆಯುತ್ತಾರೆ? ಹಾಗಾಗಿ ಲಾಂಡ್ರಿಯಲ್ಲಿ ಎಲ್ಲರೂ ಮಾಡುತ್ತಿದ್ದುದನ್ನೇ ಇವರೂ ಮಾಡಿದರು. ತಂಗಿಯ ಕಾಯಿಲೆಯನ್ನು ತಮ್ಮದು ಎಂದು ಹೇಳಿದರು.

ಸುಳ್ಳು ಹೇಳುವುದಕ್ಕೂ ತಿಳಿವಳಿಕೆ ಬೇಕು. ಜ್ವರ ಎಂದರೆ ಆಗದು, ಆಸ್ಪತ್ರೆಯ ಬಟ್ಟೆ ಮುಟ್ಟುವವರಾದ್ದರಿಂದ ಮರಳಿ ಬರುವಾಗ ಡಾಕ್ಟರ ಚೀಟಿ ತರಬೇಕು. ವಾಂತಿ ಎಂದರೆ ಮೂರು ದಿನ ಒಳಗೇ ಬಿಡುವುದಿಲ್ಲ. ಬೆನ್ನುನೋವು ಎಂದರೆ ರೋಲರಿನಿಂದ ತೆಗೆದು ಟವೆಲು ಮಡಿಸುವ ಮೇಜಿಗೆ ಹಾಕುತ್ತಾರೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಅಂಥದ್ದೊಂದು ಕಾಯಿಲೆ ಬೇಕಿತ್ತು. ಅಕ್ಕ ಯೋಚಿಸಿ ತಲೆಸುತ್ತು ಎಂದರು. ಚೀಟಿ ಬೇಡ, ಗುರುತು ಉಳಿಯುವುದಿಲ್ಲ, ಮಾರನೆಯ ದಿನ ಹೋಗಿರುತ್ತದೆ. “ಅವಳದ್ದಕ್ಕೆ ಹತ್ತಿರದ್ದೂ ಅದೇ ಅಲ್ವಾ. ಹೇಳುವಾಗ ತೊದಲ್ತಾ ಇರ್ಲಿಲ್ಲ,” ಎಂದು ಈಗ ವಿವರಿಸುತ್ತಾರೆ. ಒಂದು ಸಲ ಹೇಳಿದ ಮೇಲೆ ಬೇರೆ ಹೇಳುವ ಹಾಗಿಲ್ಲ, ಯಾವಾಗಲೂ ಅದನ್ನೇ ಹೇಳಬೇಕು. ಹನ್ನೊಂದು ವರ್ಷದಲ್ಲಿ ನಲವತ್ತಮೂರು ಸಲ ಹೇಳಿದರು.

ತಮಗೇ ಕಾಯಿಲೆ ಬಂದಾಗ ಏನು ಮಾಡುತ್ತಿದ್ದರು ಎಂದರೆ ಪ್ರಶ್ನೆಯೇ ಅರ್ಥವಾಗದವರಂತೆ ನೋಡುತ್ತಾರೆ. ಕೆಲಸಕ್ಕೆ ಹೋಗುತ್ತಿದ್ದರು, ಅಷ್ಟೆ. ಏಳು ದಿನವೂ ತಂಗಿಯದು. ಹಲ್ಲುನೋವು, ನೆಗಡಿ, ಬೆರಳಿಗೆ ಹಬೆ ತಾಗಿ ಬೊಬ್ಬೆ ಎದ್ದದ್ದು, ಎಲ್ಲವನ್ನೂ ರೋಲರಿನ ಮುಂದೆ ನಿಂತೇ ಕಳೆದಿದ್ದಾರೆ. ಒಂದು ಸಲ ಮೈ ಕೆಂಡವಾಗಿತ್ತು. ಪಕ್ಕದಲ್ಲಿದ್ದ ಬಲಮೂಲೆಗೆ ಅದು ರೋಲರಿನ ಬಿಸಿಯೋ ಇವರ ಬಿಸಿಯೋ ತಿಳಿಯಲಿಲ್ಲವಂತೆ.

ಸೂಪರ್‌ವೈಸರಿಗೆ ಗೊತ್ತಿರಲಿಲ್ಲವೇ? ನಿವೃತ್ತಿಗೆ ಎರಡು ವರ್ಷ ಉಳಿದಿರುವ ಈ ಮನುಷ್ಯ ಮಾತು ಅಳೆದು ಆಡುವವರು. ಕೇಳಿದ ಮೇಲೆ ಕನ್ನಡಕ ಒರೆಸುತ್ತಾರೆ. ಆಮೇಲೆ, “ಫೋನಲ್ಲಿ ಹಿಂದೆ ಯಾರೋ ನರಳೋದು ಕೇಳ್ತಿತ್ತು. ತಲೆ ಸುತ್ತೋರೇ ಫೋನ್ ಹಿಡ್ಕೊಂಡಿರುವಾಗ ಹಿಂದೆ ನರಳೋದು ಯಾರು ಅಂತ ನಾನು ಕೇಳ್ಲಿಲ್ಲ. ಕೇಳಿದ್ರೆ ಬರೀಬೇಕಾಗ್ತಿತ್ತು,” ಎನ್ನುತ್ತಾರೆ.

ಕಳೆದ ವರ್ಷ ಹಳೆಯ ಯಂತ್ರ ಹೋಗಿ ಹೊಸದು ಬಂದಿತು. ಹೆಚ್ಚು ವೇಗ, ಹೆಚ್ಚು ಬಿಸಿ. ಜೊತೆಗೆ ಸೇಫ್ಟಿ ಆಫೀಸರ್ ಒಬ್ಬರನ್ನೂ ನೇಮಿಸಿಕೊಂಡರು. ಹಿಂದಿನ ಕೆಲಸದಲ್ಲಿ ಒಬ್ಬನ ಕೈ ಯಂತ್ರಕ್ಕೆ ಸಿಕ್ಕಿದ್ದನ್ನು ಕಣ್ಣಾರೆ ಕಂಡಿದ್ದವರು ಅವರು, ಆಮೇಲೆ ಯಾವುದನ್ನೂ ಹಗುರವಾಗಿ ತೆಗೆದುಕೊಂಡವರಲ್ಲ. ಬಂದವರೇ ರೋಲರ್ ಮೇಲಿನವರ ಫೈಲುಗಳನ್ನೆಲ್ಲ ತರಿಸಿಕೊಂಡು ಮೊದಲ ಹಾಳೆಯಿಂದ ಓದಿದರು. ಇವರ ಫೈಲಿಗೆ ಬಂದಾಗ ಪೆನ್ನು ಎತ್ತಿಕೊಂಡು ಎಣಿಸತೊಡಗಿದರು. ತಲೆಸುತ್ತು, ತಲೆಸುತ್ತು, ತಲೆಸುತ್ತು. ನಲವತ್ತಮೂರು ಸಲ ತಲೆ ಸುತ್ತಿದ ಹೆಂಗಸನ್ನು ಸುಡುವ ರೋಲರಿನ ಬಾಯಿಗೆ ಇಷ್ಟು ಕಾಲ ನಿಲ್ಲಿಸಿದ್ದಾರೆ.

ಅವತ್ತೇ ಕರೆಸಿದರು. ನಿಮ್ಮ ಕೈ ಇಷ್ಟು ದಿನ ಉಳಿದದ್ದೇ ದೊಡ್ಡದಮ್ಮ ಎಂದು ಮೃದುವಾಗಿಯೇ ಹೇಳಿ, ಕೊಳೆ ಬಟ್ಟೆ ವಿಂಗಡಿಸುವ ಕೋಣೆಗೆ ಕಳಿಸಿದರು. ಅದೂ ಒಂದೂವರೆ ತಿಂಗಳಿಗೆ ಮಾತ್ರ. ಅಷ್ಟರಲ್ಲಿ ಕಂಪನಿಯ ಡಾಕ್ಟರು ಪರೀಕ್ಷೆ ಮಾಡುತ್ತಾರೆ, ಯಂತ್ರಕ್ಕೆ ತಕ್ಕವರಲ್ಲ ಎಂದು ಬರೆದುಕೊಟ್ಟರೆ ಕಂಪನಿಯಲ್ಲಿ ಬೇರೆ ಜಾಗವಿಲ್ಲ, ಮನೆಗೆ ಹೋಗಬೇಕು.

ಅಕ್ಕನಿಗೆ ನಿಂತ ನೆಲ ನಿಜವಾಗಿಯೂ ಸುತ್ತಿದ್ದು ಆಗ. ಡಾಕ್ಟರು ಪರೀಕ್ಷೆ ಮಾಡಿದರೆ ಏನೂ ಸಿಗುವುದಿಲ್ಲ, ಅದು ಅವರಿಗೆ ಗೊತ್ತು. ಆರೋಗ್ಯವಾಗಿದ್ದೀರಿ ಎಂದು ಡಾಕ್ಟರು ಹೇಳಿದ ಕೂಡಲೇ ಮುಂದಿನ ಪ್ರಶ್ನೆ, ಹಾಗಾದರೆ ನಲವತ್ತಮೂರು ರಜೆ ಏಕೆ ತೆಗೆದುಕೊಂಡಿರಿ? ಸುಳ್ಳು ಕಾರಣ ಕೊಟ್ಟು ಮೂರು ಸಲ ರಜೆ ಪಡೆದರೆ ಕೆಲಸದಿಂದ ತೆಗೆಯಬಹುದು ಎಂದು ಗೋಡೆಗೆ ಅಂಟಿಸಿದ ನಿಯಮದಲ್ಲೇ ಇದೆ. ಕಾಯಿಲೆ ಇದೆ ಎಂದರೆ ಕೆಲಸ ಹೋಗುತ್ತದೆ, ಇಲ್ಲ ಎಂದರೂ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ನಡುವೆ ಎರಡು ಕೋಣೆಯ ಮನೆ, ತಂಗಿಯ ಮಾತ್ರೆ.

ವಿಂಗಡಣೆಯ ಕೋಣೆಯಲ್ಲಿ ಪಾಳಿ ಎಂಟು ಗಂಟೆಗೆ. ಕೈಗೆ ಉದ್ದನೆಯ ಗ್ಲೌಸು, ಮೂಗಿಗೆ ಬಟ್ಟೆ. ಬಿಳಿಯದು ಒಂದು ಕಡೆ, ಬಣ್ಣದ್ದು ಒಂದು ಕಡೆ, ರಕ್ತದ ಕಲೆ ಇರುವುದು ಕೆಂಪು ಚೀಲಕ್ಕೆ. ದಿಂಬಿನ ಕವರಿನೊಳಗಿಂದ ಕನ್ನಡಕ, ಕಾಲುಚೀಲ, ಹಲ್ಲಿನ ಸೆಟ್ಟು, ಏನೇನೋ ಸಿಗುತ್ತವೆ. ಕೆಲಸಕ್ಕೆ ಅವರು ಹೇಸಲಿಲ್ಲ. ಕಷ್ಟವಾಗಿದ್ದು ಗೋಡೆಯಾಚೆಯಿಂದ ಕೇಳುವ ರೋಲರಿನ ಸದ್ದು. ಅಲ್ಲಿ ಬಲಮೂಲೆಯ ಜೊತೆ ದಿನಕ್ಕೊಬ್ಬ ಹೊಸಬರನ್ನು ನಿಲ್ಲಿಸುತ್ತಿದ್ದರು. ಎರಡು ಸಾವಿರದ ನಾನೂರು ಆಗುತ್ತಿದ್ದದ್ದು ಸಾವಿರದ ಏಳುನೂರಕ್ಕೆ ಇಳಿಯಿತು. ಹೋಟೆಲಿನವರು ಸುಕ್ಕು ಎಂದು ಬಟ್ಟೆ ವಾಪಸು ಕಳಿಸಿದರು. ಬಲಮೂಲೆ ಸಿಟ್ಟಿನಲ್ಲಿ ಕೊಡವುವ ರಭಸಕ್ಕೆ ಒಂದು ಬೆಡ್‌ಶೀಟು ಹರಿದೇಹೋಯಿತು.

ಮನೆಯಲ್ಲಿ ಅಕ್ಕ ಏನೂ ಹೇಳಿರಲಿಲ್ಲ. ಹೇಳಿದ್ದು ಬಲಮೂಲೆ. ಒಂದು ಭಾನುವಾರ ನೋಡಿಹೋಗಲು ಬಂದವರು ಚಹಾ ಕುಡಿಯುತ್ತ ಹೊಟ್ಟೆಯಲ್ಲಿದ್ದದ್ದನ್ನು ಕಕ್ಕಿಬಿಟ್ಟರು. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು ನೋಡು ನಿಮ್ಮಕ್ಕನ ಕಥೆ,” ಎಂದು ಶುರುಮಾಡಿ, ಎತ್ತು ಎದುರಿಗೇ ಕೂತಿದೆ ಎಂದು ಹೊಳೆದಾಗ ನಾಲಿಗೆ ಕಚ್ಚಿಕೊಂಡರು. ಆಗ ತಡವಾಗಿತ್ತು. ತಂಗಿ ಪೂರ್ತಿ ಹೇಳಿಸಿಕೊಂಡೇ ಬಿಟ್ಟರು.

ಹನ್ನೊಂದು ವರ್ಷ ತಂಗಿ ತಿಳಿದುಕೊಂಡಿದ್ದು ಬೇರೆ. ಅಕ್ಕ ಫೋನ್ ಮಾಡಿ ತಂಗಿಗೆ ಹುಷಾರಿಲ್ಲ ಎನ್ನುತ್ತಾಳೆ, ಅವರು ಬಿಡುತ್ತಾರೆ, ಒಳ್ಳೆಯ ಕಂಪನಿ ಎಂದು. ಫೋನ್ ಮಾಡುವ ಹೊತ್ತಿಗೆ ತಮಗೆ ಎಚ್ಚರವಿರುವುದಿಲ್ಲವಲ್ಲ. ಬಲಮೂಲೆ ಹೋದ ಮೇಲೆ ತಂಗಿ ಕೇಳಿದ ಮಾತನ್ನು ಅಕ್ಕ ಇವತ್ತಿಗೂ ಕಣ್ಣು ತಗ್ಗಿಸಿಯೇ ಹೇಳುತ್ತಾರೆ. “ನನ್ನ ಕಾಯಿಲೆ ಹೆಸರು ಹೇಳೋಕೆ ನಿಂಗೆ ನಾಚಿಕೆ ಆಯ್ತಾ ಅಕ್ಕ ಅಂತ ಕೇಳಿದ್ಲು. ನಂಗೆ ಕೆಲಸ ಹೋದ್ರೂ ಅಷ್ಟು ನೋವಾಗ್ತಿರ್ಲಿಲ್ಲ. ನಾಚಿಕೆ ಅಲ್ವೇ, ಆ ಫಾರಂನಲ್ಲಿ ನಿನ್ನನ್ನ ಬರೆಯೋಕೆ ಜಾಗಾನೇ ಇರ್ಲಿಲ್ಲ ಅಂದೆ.”

ಎರಡು ದಿನ ಅಕ್ಕತಂಗಿಯರ ನಡುವೆ ಮಾತಿಲ್ಲ. ಮೂರನೆಯ ದಿನ ತಂಗಿ ಹಲ್ಲಿನ ಡಾಕ್ಟರಿಗೆ ಮಧ್ಯಾಹ್ನದವರೆಗೆ ಫೋನ್ ತೆಗೆಯುವುದಿಲ್ಲ ಎಂದು ತಿಳಿಸಿದರು. ಮೂರು ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡರು. ಎಲ್ಲಿಗೆ ಎಂದರೆ ನಿಮ್ಮ ಆಫೀಸಿಗೆ ಎಂದರು. ಅಕ್ಕ ಬಾಗಿಲಿಗೆ ಅಡ್ಡ ನಿಂತರು. ಕಾಯಿಲೆ ಜಗಜ್ಜಾಹೀರಾದರೆ ನಾಳೆ ಹಲ್ಲಿನ ಡಾಕ್ಟರೂ ಕೆಲಸ ಬೇಡ ಎಂದಾರು ಎಂಬ ಭಯ ಅವರಿಗೆ. ತಂಗಿ ಕೇಳಲಿಲ್ಲ. ಹಲ್ಲಿನ ಡಾಕ್ಟರಿಗೆ ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದೇನೆ, ಮುಚ್ಚಿಟ್ಟವಳು ನೀನೊಬ್ಬಳೇ ಎಂದರಂತೆ. ಅಕ್ಕ ಬಾಗಿಲು ಬಿಟ್ಟು ಸರಿದು, ಚಪ್ಪಲಿ ಮೆಟ್ಟಿ ಜೊತೆಗೇ ಹೊರಟರು.

ಸೇಫ್ಟಿ ಆಫೀಸರ ಕೋಣೆ ಚಿಕ್ಕದು. ಮೇಜಿನ ಮೇಲೆ ಅಕ್ಕನ ಫೈಲು ಬಿಚ್ಚಿತ್ತು. ಅಕ್ಕ ಬಾಯಿ ತೆರೆಯುವ ಮೊದಲೇ ತಂಗಿ ಪುಸ್ತಕಗಳನ್ನು ಅದರ ಪಕ್ಕಕ್ಕೆ ಇಟ್ಟರು.

“ಸರ್, ಆ ಕಾಯಿಲೆ ಇವಳದ್ದಲ್ಲ, ನಂದು. ನನ್ನ ಹೆಸರಿಗೆ ಬರ್ಕೊಳ್ಳಿ.”

ಆಫೀಸರ್ ಕೂತು ಒಂದೊಂದೇ ದಿನಾಂಕ ತಾಳೆ ನೋಡಿದರು. ಇತ್ತ ತಲೆಸುತ್ತು, ಅತ್ತ ಬೆಳಗಿನ ನಾಲ್ಕು ಹತ್ತು, ಎರಡು ನಿಮಿಷ. ಇತ್ತ ತಲೆಸುತ್ತು, ಅತ್ತ ನಾಲ್ಕು ಇಪ್ಪತ್ತೈದು, ಒಂದೂವರೆ ನಿಮಿಷ. ಮುಕ್ಕಾಲು ಗಂಟೆ ಹಿಡಿಯಿತು. ನಲವತ್ತೆರಡು ಕೂಡಿಬಂದವು. ಒಂದು ಬರಲಿಲ್ಲ. ಆ ದಿನ ಪುಸ್ತಕದಲ್ಲಿ ಏನೂ ಬರೆದಿರಲಿಲ್ಲ. ತಂಗಿ ಗಾಬರಿಯಿಂದ ಹಾಳೆ ಹಿಂದೆ ಮುಂದೆ ತಿರುವಿದರು, ತಾನೇ ಬರೆಯಲು ಮರೆತಿರಬೇಕು ಎಂದರು. ಅಕ್ಕ ಅವರ ಕೈ ಹಿಡಿದು ನಿಲ್ಲಿಸಿದರು.

“ಅವತ್ತು ಅವಳು ಚೆನ್ನಾಗೇ ಇದ್ಲು ಸರ್. ನಾನು ಮಲಗಿಬಿಟ್ಟಿದ್ದೆ. ಏಳೋಕಾಗ್ಲಿಲ್ಲ, ಮಲಗಿದಲ್ಲಿಂದ್ಲೇ ಫೋನ್ ಮಾಡ್ದೆ. ಹನ್ನೊಂದು ಗಂಟೆವರೆಗೂ ಮಲಗಿದ್ದೆ. ಅದೊಂದು ಸುಳ್ಳು.”

ಆಫೀಸರ್ ಈಗ ಆ ದಿನದ ಬಗ್ಗೆ ಮಾತಾಡುವಾಗ ಸ್ವಲ್ಪ ನಗುತ್ತಾರೆ. ಎಲ್ಲ ನಲವತ್ತಮೂರೂ ಕೂಡಿಬಂದಿದ್ದರೆ ಪುಸ್ತಕವನ್ನು ಮೊನ್ನೆ ಕೂತು ಬರೆದರೋ ಏನೋ ಎಂಬ ಅನುಮಾನ ಉಳಿಯುತ್ತಿತ್ತು, ಒಂದು ತಪ್ಪಿದ್ದಕ್ಕೇ ಉಳಿದದ್ದನ್ನೆಲ್ಲ ನಂಬಿದೆ ಎನ್ನುತ್ತಾರೆ.

ನಂಬಿದ ಮಾತ್ರಕ್ಕೆ ಕೆಲಸ ಉಳಿಯಲಿಲ್ಲ. ಮ್ಯಾನೇಜರರು ನಿಯಮ ನಿಯಮವೇ ಎಂದರು. ಮೂರು ಸುಳ್ಳಿಗೆ ಕೆಲಸ ಹೋಗುವುದಾದರೆ ನಲವತ್ತಮೂರಕ್ಕೆ ಏನು ಎಂದು ಲೆಕ್ಕ ಹಾಕಿದರು. ಮೂರು ವಾರ ಮಾತು ನಡೆಯಿತು. ಅಷ್ಟೂ ದಿನ ಅಕ್ಕ ಕೆಂಪು ಚೀಲ ತುಂಬುತ್ತಲೇ ಇದ್ದರು, ಯಾರು ಕೇಳಿದರೂ ಗೊತ್ತಿಲ್ಲಪ್ಪ ಎನ್ನುತ್ತಿದ್ದರು. ಕಂಪನಿಯ ಡಾಕ್ಟರು ಪರೀಕ್ಷಿಸಿ ಇವರಿಗೆ ಏನೂ ಇಲ್ಲ, ಸ್ವಲ್ಪ ನಿದ್ದೆ ಕಡಿಮೆ ಎಂದು ಬರೆದರು. ಬಲಮೂಲೆ ಮ್ಯಾನೇಜರರ ಮೇಜಿನ ಮೇಲೆ ಸುಕ್ಕುಬಿದ್ದ ಆರು ಬೆಡ್‌ಶೀಟು ತಂದು ಗುಡ್ಡೆಹಾಕಿ ಹೊರಟುಹೋದರು. ಆದರೆ ಮ್ಯಾನೇಜರರನ್ನು ಬಗ್ಗಿಸಿದ್ದು ಸೇಫ್ಟಿ ಆಫೀಸರ ಒಂದು ಪ್ರಶ್ನೆ. ಈ ಒಂದು ಫೈಲು ಹೀಗಾದರೆ, ಉಳಿದ ಅರವತ್ತಮೂರು ಫೈಲುಗಳಲ್ಲಿ ಇರುವ ಕಾಯಿಲೆಗಳು ಯಾರವು? ಯಾರ ಮನೆಯವರ ಬೆನ್ನುನೋವು ನೋಡಿ ಯಾರನ್ನು ನಾವು ಯಂತ್ರದಿಂದ ಇಳಿಸಿದ್ದೇವೆ? ನಿಜವಾಗಿ ತಲೆ ಸುತ್ತುವ ಮನುಷ್ಯ ಹೊಟ್ಟೆನೋವು ಎಂದು ಬರೆಸಿ ರೋಲರ್ ಮೇಲೆಯೇ ನಿಂತಿದ್ದರೆ?

ಕೊನೆಗೆ ಅಕ್ಕನಿಗೆ ಸಿಕ್ಕಿದ್ದು ಒಂದು ಎಚ್ಚರಿಕೆ ಪತ್ರ, ಮಲಗಿದ್ದ ಆ ಒಂದು ದಿನಕ್ಕೆ. ಉಳಿದ ನಲವತ್ತೆರಡರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ‘ತಂಗಿ’ ಎಂದು ಬರೆದರು. ಪತ್ರವನ್ನು ಅಕ್ಕ ಸುರುಳಿ ಸುತ್ತಿ ಇಟ್ಟುಕೊಂಡಿದ್ದಾರೆ. ನ್ಯಾಯವಾಗಿಯೇ ಬಂದದ್ದು ಎನ್ನುತ್ತಾರೆ. ಮಾರನೆಯ ಬೆಳಿಗ್ಗೆ ರೋಲರಿನ ಎಡಗಡೆ ನಿಂತರು. ಆ ದಿನ ಬೆಡ್‌ಶೀಟು ಎಷ್ಟಾಯಿತೆಂದು ಯಾರೂ ಎಣಿಸಲಿಲ್ಲ.

ಆಮೇಲೆ ಒಂದು ಸೂಚನೆ ಅಂಟಿಸಿದರು. ಫೈಲಿನಲ್ಲಿ ಬೇರೆಯವರ ಕಾಯಿಲೆ ಇದ್ದವರು ತಿಂಗಳೊಳಗೆ ಬಂದು ತಿದ್ದಿಸಿಕೊಳ್ಳಬಹುದು, ಶಿಕ್ಷೆಯಿಲ್ಲ ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ವಾರವಿಡೀ ಯಾರೂ ಹೋಗಲಿಲ್ಲ. ಮೊದಲು ಹೋದವರು ಬಾಯ್ಲರ್ ನೋಡಿಕೊಳ್ಳುವವರು, ಆರಡಿ ಆಳು. ಒಂಬತ್ತು ವರ್ಷದಿಂದ ಅವರಿಗೆ ಉಬ್ಬಸ ಎಂದಿತ್ತು. ಉಬ್ಬಸ ಅವರ ಮಗಳದು. ವ್ಯಾನ್ ಡ್ರೈವರನ ಕಣ್ಣುನೋವು ಅವನ ತಾಯಿಯದು. ತಿಂಗಳು ಮುಗಿಯುವಷ್ಟರಲ್ಲಿ ಇಪ್ಪತ್ತೇಳು ಜನರಿಗೆ ಆರೋಗ್ಯ ಮರಳಿತು. ಮದ್ದಿಲ್ಲದೆ ಇಷ್ಟು ಜನರನ್ನು ಒಟ್ಟಿಗೆ ಗುಣಪಡಿಸಿದ ಆಫೀಸರ್ ಬೇರೆಲ್ಲೂ ಸಿಗಲಾರರು.

ಈಗಿನ ಫಾರಂನಲ್ಲಿ ಒಂದು ಸಾಲು ಹೆಚ್ಚಿದೆ: ಯಾರಿಗೆ ಹುಷಾರಿಲ್ಲ? ಏಳರಲ್ಲಿ ಐದು ದಿನವನ್ನು ಮನೆಯವರಿಗಾಗಿ ತೆಗೆದುಕೊಳ್ಳಬಹುದು, ಮೂರು ದಿನದ ಮುನ್ಸೂಚನೆ ಬೇಡ, ಅದೇ ನಾಲ್ಕೂವರೆಯ ಫೋನ್ ಸಾಕು. ಇದರಿಂದ ಎಲ್ಲವೂ ಸರಿಹೋಯಿತೆಂದಲ್ಲ. ಏಳು ದಿನ ಏಳೇ ಆಗಿದೆ. ಗುತ್ತಿಗೆಯ ಮೇಲೆ ಬರುವ ವಿಂಗಡಣೆಯ ಹೆಂಗಸರಿಗೆ ಆ ಏಳೂ ಇಲ್ಲ. ಅಕ್ಕನಿಗೆ ಅವರ ಜೊತೆ ಕಳೆದ ದಿನಗಳು ನೆನಪಿವೆ, ಅವರ ಮಾತು ತೆಗೆದು ಆಫೀಸರ ಹತ್ತಿರ ಎರಡು ಸಲ ಹೋಗಿಬಂದಿದ್ದಾರೆ. ಮೂರನೆಯ ಸಲ ಹೋಗುವವರಿದ್ದಾರೆ.

ತಮಗೆ ಆದದ್ದರ ಬಗ್ಗೆ ಅವರದು ಅಳತೆಯ ಮಾತು. “ದೊಡ್ಡ ಉಪಕಾರ ಅಂತೇನಲ್ಲ. ಆದ್ರೆ ಮೊದಲು ಫೋನ್ ಇಟ್ಟ ಮೇಲೆ ಎದೆ ಡವಡವ ಅಂತಿತ್ತು. ಅವಳ ತಲೆ ತೊಡೆ ಮೇಲಿದ್ರೂ ಮನಸ್ಸು ನಾಳೆ ಏನು ಕೇಳ್ತಾರೋ ಅನ್ನೋದ್ರಲ್ಲೇ ಇರ್ತಿತ್ತು. ಈಗ ಅವಳನ್ನ ಮಾತ್ರ ನೋಡ್ಕೊಂಡು ಕೂರ್ತೀನಿ.” ಈ ವರ್ಷ ತಂಗಿಗಾಗಿ ನಾಲ್ಕು ದಿನ ತೆಗೆದುಕೊಂಡಿದ್ದಾರೆ. ನಾಲ್ಕೂ ತಂಗಿಯ ಹೆಸರಿನಲ್ಲಿವೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ಸೂಪರ್‌ವೈಸರಿಗೆ ಅದೇ ನಂಬರಿನಿಂದ ಫೋನ್ ಬಂತು. ನಂಬರು ನೋಡಿಯೇ ಅವರು ಹೊಸ ಸಾಲಿನಲ್ಲಿ ‘ತಂಗಿ’ ಎಂದು ಬರೆದುಬಿಟ್ಟಿದ್ದರು. ಆದರೆ ದನಿ ಬೇರೆಯಾಗಿತ್ತು. ಮಾತಾಡುತ್ತಿದ್ದವರು ತಂಗಿಯೇ. ಅಕ್ಕನಿಗೆ ಜ್ವರ, ಇವತ್ತು ಬರುವುದಿಲ್ಲ ಎಂದರು. ಸೂಪರ್‌ವೈಸರ್ ಬರೆದದ್ದನ್ನು ಹೊಡೆದುಹಾಕಿ ‘ಸ್ವಂತ’ ಎಂದು ತಿದ್ದಿದರು. ಹದಿನಾಲ್ಕು ವರ್ಷದಲ್ಲಿ ಆ ಫೈಲಿಗೆ ಬಂದ ಮೊದಲ ಸ್ವಂತ ಕಾಯಿಲೆ. ಮನೆಯಲ್ಲಿ ನೋಡಿಕೊಳ್ಳಲು ಯಾರಾದರೂ ಇದ್ದಾರಾ ಎಂದು ಬಾಯಿತಪ್ಪಿ ಕೇಳಿದರಂತೆ.

ಅತ್ತ ಹಾಸಿಗೆಯಲ್ಲಿ ಅಕ್ಕ ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆ ಮಾಡಿರಲಿಲ್ಲ. “ನಾನಿದೀನಲ್ಲ ಸರ್, ನಾನು ನೋಡ್ಕೋತೀನಿ ಅಂದ್ಲು. ಹದಿನೈದು ವರ್ಷದಿಂದ ಆ ಮಾತು ನಾನೇ ಹೇಳಿ ಹೇಳಿ ರೂಢಿ. ಕೇಳಿಸ್ಕೊಂಡಿದ್ದು ಅವತ್ತೇ ಮೊದಲು,” ಎನ್ನುತ್ತಾರೆ. “ಕೇಳಿಸ್ಕೊಂಡು, ಮಗ್ಗುಲಾಗಿ, ನಿದ್ದೆ ಹೋದೆ.”